ವೀಜಿ ತೆಗೆದ ಕೊಲೆ ಫೋಟೋಗಳು: ಕಲೆನಾ, ಹೆಣದ ಮೇಲಿನ ವ್ಯಾಪಾರನಾ?

ತುಮಕೂರು_ಬೈಕು
ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹೋದ ತಿಂಗಳು ಶಿರಾ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದೆ. ಹೈವೇಯಲ್ಲಿ ಒಂದು ಟೆಂಪೋ ಮಗುಚಿತ್ತು. ಜನ ಸುತ್ತ ನಿಂತಿದ್ದರು. ನಾನೂ ಗಾಡಿ ನಿಲ್ಲಿಸಿದೆ, ಮೊಬೈಲ್ ತೆಗೆದೆ, ವಿಡಿಯೋ ಶುರು ಮಾಡಿದೆ. ಪಕ್ಕದಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡಿದ್ದ ಯಜಮಾನರೊಬ್ಬರು ನನ್ನ ಮುಖ ನೋಡಿ, "ಏನಪ್ಪಾ, ಅದ್ರಲ್ಲಿ ನೀರು ಬರುತ್ತಾ?" ಎಂದರು. ಬಿದ್ದವನು ನೀರು ಕೇಳುತ್ತಿದ್ದ. ನನ್ನ ಬ್ಯಾಗಿನಲ್ಲಿ ಬಾಟಲಿ ಇತ್ತು.

ಕೊಟ್ಟೆ ಬಿಡಿ. ಆದರೆ ಆ ಮಾತು ಇನ್ನೂ ತಲೆಯಲ್ಲಿ ಕೂತಿದೆ.

ಮೊನ್ನೆ ಹೀಗೇ ಹುಡುಕುವಾಗ ವೀಜಿ ಅನ್ನೋ ನ್ಯೂಯಾರ್ಕಿನ ಫೋಟೋಗ್ರಾಫರ್ ಬಗ್ಗೆ ಓದಿದೆ. ವರ್ಷಗಟ್ಟಲೆ ರಾತ್ರಿ ಹೊತ್ತು ಕೊಲೆ, ಬೆಂಕಿ, ಆಕ್ಸಿಡೆಂಟು ಹುಡುಕಿಕೊಂಡು ಓಡಾಡಿದವನು. ಅವನ ಫೋಟೋ ಈಗ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ನನಗೆ ಇಷ್ಟು ಹೇಳಿ: ಅವನು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ಅವನು ಕಲಾವಿದ, ನಾನು ಬೇಜವಾಬ್ದಾರಿ ಮನುಷ್ಯ. ಹೇಗೆ?

ಪಿಯುಸಿ_ಫೇಲ್
ಅವನ ಹತ್ತಿರ ಟ್ರೈಪಾಡ್ ಇತ್ತು.

ಲೆನ್ಸ್_ಲಕ್ಕ
ಇರಲಿಲ್ಲ ಮಾರಾಯ. ಅವನು ಬಳಸಿದ್ದು ಸ್ಪೀಡ್ ಗ್ರಾಫಿಕ್, ಕೈಯಲ್ಲೇ ಹಿಡಿಯುವ ನಾಲ್ಕು ಇಂಚು ಐದು ಇಂಚಿನ ಶೀಟ್ ಫಿಲ್ಮ್ ಕ್ಯಾಮೆರಾ. ಆಗಿನ ಪತ್ರಿಕೆಯವರೆಲ್ಲ ಅದನ್ನೇ ಹಿಡಿಯುತ್ತಿದ್ದರು. ಪಕ್ಕದಲ್ಲಿ ತಟ್ಟೆಯಷ್ಟು ದೊಡ್ಡ ಫ್ಲ್ಯಾಶು. ಒಂದು ಬಲ್ಬು ಒಂದೇ ಸಲ ಉರಿಯುತ್ತದೆ, ಆಮೇಲೆ ಕಿತ್ತು ಎಸೆದು ಹೊಸದು ಹಾಕಬೇಕು. ಹತ್ತು ಅಡಿ ದೂರ, ಲೆನ್ಸಿನ ಕಿಂಡಿ ಎಫ್ 16 ಅಂದರೆ ತೀರಾ ಸಣ್ಣದು, ಷಟರ್ ತೆರೆಯುವುದು ಸೆಕೆಂಡಿನ ಇನ್ನೂರನೇ ಒಂದು ಭಾಗ. ಸೆಟ್ಟಿಂಗ್ ಅಷ್ಟೇ, ಅಲ್ಲಾಡಿಸುತ್ತಲೇ ಇರಲಿಲ್ಲ. ಹತ್ತು ಅಡಿಗೆ ಹೋಗು, ಹೊಡಿ, ಬಾ.

ಆ ಫೋಟೋಗಳಲ್ಲಿ ಮುಂದಿರುವವರು ಸುಣ್ಣ ಬಳಿದ ಹಾಗೆ ಬೆಳ್ಳಗೆ, ಹಿಂದೆಲ್ಲ ಕಗ್ಗತ್ತಲೆ ಇರುತ್ತದಲ್ಲ, ಅದಕ್ಕೆ ಇದೇ ಕಾರಣ. ಫ್ಲ್ಯಾಶ್ ಬೆಳಕು ಹತ್ತಡಿಯಾಚೆ ಬೇಗ ಸಾಯುತ್ತದೆ. ಜನ ಅದನ್ನು ಅವನ ಶೈಲಿ ಅನ್ನುತ್ತಾರೆ. ಅರ್ಧ ಶೈಲಿ, ಇನ್ನರ್ಧ ಬಲ್ಬು.

ಜರ್ಸಿಯ_ಜೋಳದರೊಟ್ಟಿ
ನಾನು ಹುಬ್ಬಳ್ಳಿಯವನು. ಈಗ ನ್ಯೂಜೆರ್ಸಿಯಲ್ಲಿದ್ದೇನೆ, ಮ್ಯಾನ್‌ಹಟನ್‌ನಲ್ಲಿ ಕೆಲಸ. ಈ ಮನುಷ್ಯನ ಹುಚ್ಚು ಹಿಡಿದು ನಾಲ್ಕೈದು ವರ್ಷ ಆಯಿತು. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಬೈಬೇಡಿ.

ನಿಜವಾದ ಹೆಸರು ಉಷರ್ ಫೆಲಿಗ್. 1899ರಲ್ಲಿ ಝೊಲೊಚಿವ್ ಅನ್ನೋ ಊರಿನಲ್ಲಿ ಹುಟ್ಟಿದ ಯಹೂದಿ ಹುಡುಗ. ಆಗ ಆ ಊರು ಆಸ್ಟ್ರಿಯಾ-ಹಂಗೇರಿಯಲ್ಲಿತ್ತು, ಈಗ ಉಕ್ರೇನಿನಲ್ಲಿದೆ. ಹತ್ತು ವರ್ಷದವನಿದ್ದಾಗ ಮನೆಯವರ ಜೊತೆ ಅಮೆರಿಕಕ್ಕೆ ಬಂದ, ಉಷರ್ ಹೋಗಿ ಆರ್ಥರ್ ಆದ. ಅಪ್ಪ ತಳ್ಳುಗಾಡಿ ವ್ಯಾಪಾರ ಮಾಡುತ್ತಿದ್ದರು. ಮನೆ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಕೇರಿಯ ಬಾಡಿಗೆ ಗೂಡುಗಳಲ್ಲಿ. ಹದಿನಾಲ್ಕು ಆಗುವ ಹೊತ್ತಿಗೆ ಶಾಲೆ ಬಿಟ್ಟ. ಸಿಕ್ಕ ಕೆಲಸ ಮಾಡಿದ. ಮೂಕಿ ಸಿನಿಮಾ ಓಡುವಾಗ ಥಿಯೇಟರಿನಲ್ಲಿ ಪಿಟೀಲು ಬಾರಿಸಿದ್ದೂ ಉಂಟು.

1924ರಿಂದ ಹತ್ತು ವರ್ಷಕ್ಕೂ ಹೆಚ್ಚು ಏಕ್ಮಿ ಅನ್ನೋ ಸುದ್ದಿಚಿತ್ರ ಏಜೆನ್ಸಿಯ ಡಾರ್ಕ್ ರೂಮಿನಲ್ಲಿ ದುಡಿದ. ಬೇರೆಯವರು ತೆಗೆದ ಫೋಟೋ ತೊಳೆಯುವ ಕೆಲಸ. ರಾತ್ರಿ ಹೊತ್ತು ಬೇರೆ ಯಾರೂ ಸಿಗದಿದ್ದಾಗ ಇವನನ್ನು ಕಳಿಸುತ್ತಿದ್ದರು. ಅಲ್ಲಿಂದ ರಾತ್ರಿಯ ರುಚಿ ಹತ್ತಿತು. 1935ರಲ್ಲಿ ಕೆಲಸ ಬಿಟ್ಟು ಸ್ವಂತಕ್ಕೆ ಇಳಿದ. ಪೊಲೀಸ್ ಹೆಡ್‌ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲೇ ಒಂದು ರೂಮು ಹಿಡಿದ. ಮದುವೆ ಇಲ್ಲ, ಸಂಸಾರ ಇಲ್ಲ. ಒಂದು ಹಾಸಿಗೆ, ಗೋಡೆ ತುಂಬಾ ಪತ್ರಿಕೆ ತುಣುಕು.

1938ರಲ್ಲಿ ತನ್ನ ಷೆವ್ರೊಲೆ ಕಾರಿನಲ್ಲಿ ಪೊಲೀಸ್ ರೇಡಿಯೋ ಇಟ್ಟುಕೊಳ್ಳಲು ಪರ್ಮಿಷನ್ ಸಿಕ್ಕಿತು. ಆಮೇಲೆ ಕೇಳಬೇಕಾ? ಡಿಕ್ಕಿಯೇ ಆಫೀಸು. ಟೈಪ್‌ರೈಟರು, ಬಲ್ಬಿನ ಪೆಟ್ಟಿಗೆ, ಸಿಗಾರು, ಬೆಂಕಿ ಬಿದ್ದಲ್ಲಿಗೆ ಹಾಕಲು ಬೂಟು, ತಿನ್ನೋಕೆ ಸಲಾಮಿ, ಎಲ್ಲ ಅಲ್ಲೇ.

ಸುಮ್ನೆ_ಓದುವವ
ಡಿಕ್ಕಿಯಲ್ಲಿ ಸಲಾಮಿ. ಇಷ್ಟವಾದ.

ಕರಾವಳಿ_ಕೊಡೆ
ವೀಜಿ ಅಂತ ಹೆಸರು ಬಂದದ್ದು ಊಯಿಜಾ ಬೋರ್ಡಿನಿಂದ, ಅಂದರೆ ಸತ್ತವರ ಜೊತೆ ಮಾತಾಡಲು ಅಂತ ಬಳಸುವ ಅಕ್ಷರದ ಹಲಗೆ. ಪೊಲೀಸರಿಗಿಂತ ಮೊದಲೇ ಕೊಲೆ ನಡೆದ ಜಾಗಕ್ಕೆ ಬರುತ್ತಿದ್ದನಂತೆ, ದೆವ್ವದ ಹತ್ತಿರ ಕೇಳಿಕೊಂಡು ಬರುತ್ತಾನೆ ಅಂತ ಆ ಹೆಸರು.

ಜರ್ಸಿಯ_ಜೋಳದರೊಟ್ಟಿ
ಅದು ಅವನೇ ಹಬ್ಬಿಸಿದ ಕಥೆ. ಇನ್ನೊಂದು ಕಥೆ ಇದೆ, ನನಗೆ ಅದೇ ನಿಜ ಅನ್ನಿಸುತ್ತದೆ. ಚಿಕ್ಕವನಿದ್ದಾಗ ಡಾರ್ಕ್ ರೂಮಿನಲ್ಲಿ ಪ್ರಿಂಟಿನ ನೀರು ಒರೆಸುವ ಕೆಲಸಕ್ಕಿದ್ದ. ಆ ರಬ್ಬರ್ ಪಟ್ಟಿಗೆ ಸ್ಕ್ವೀಜಿ ಅನ್ನುತ್ತಾರೆ. ಸ್ಕ್ವೀಜಿ ಹುಡುಗ, ವೀಜಿ. ನೀರೊರೆಸುವ ಹುಡುಗ ಅನ್ನೋದಕ್ಕಿಂತ ದೆವ್ವದ ಜೊತೆ ಮಾತಾಡುವವ ಅಂದರೆ ರೇಟು ಜಾಸ್ತಿ ಅಲ್ವಾ?

ಪೊಲೀಸರಿಗಿಂತ ಮೊದಲು ಬಂದದ್ದಕ್ಕೆ ದೆವ್ವ ಬೇಡ, ಕಾರಿನ ರೇಡಿಯೋ ಸಾಕು. ಬೇಜಾರೇನು ಅಂದರೆ, ತನ್ನ ಬಗ್ಗೆ ಅವನು ಹೇಳಿದ್ದನ್ನೆಲ್ಲ ಅರ್ಧಕ್ಕೆ ಭಾಗಿಸಬೇಕು. ಐದು ಸಾವಿರ ಕೊಲೆ ಕವರ್ ಮಾಡಿದ್ದೇನೆ ಅಂತಿದ್ದ. ಪ್ರಿಂಟಿನ ಹಿಂದೆ ಹೊಡೆಯುತ್ತಿದ್ದ ರಬ್ಬರ್ ಸ್ಟಾಂಪಿನಲ್ಲಿ "ಪ್ರಸಿದ್ಧ ವೀಜಿ" ಅಂತಲೇ ಇತ್ತು.

ಹಳೇ_ಸ್ಟುಡಿಯೋ
ಬರೆಯಬಾರದು ಅಂದುಕೊಂಡಿದ್ದೆ. ಸ್ಕ್ವೀಜಿ ಅಂದ ಕೂಡಲೇ ಕೈ ತಡೆಯಲಿಲ್ಲ. ಹೊಸದುರ್ಗದ ಕಡೆ ಮೂವತ್ತು ವರ್ಷ ಸ್ಟುಡಿಯೋ ಇಟ್ಟಿದ್ದೆ. ಪ್ರಿಂಟು ತೊಳೆದು ಗಾಜಿನ ಮೇಲೆ ಬೋರಲು ಹಾಕಿ ರಬ್ಬರ್ ರೋಲರ್ ಎಳೆಯುತ್ತಿದ್ದೆವು. ಒಂದು ಗುಳ್ಳೆ ಉಳಿದರೂ ಅಲ್ಲಿ ಹೊಳಪು ಬರುತ್ತಿರಲಿಲ್ಲ. ಮದುಮಗಳ ಮೂಗಿನ ಮೇಲೆ ಗುಳ್ಳೆ ಬಂದರೆ ಮುಗಿಯಿತು ಕಥೆ. ಒಣಗಿದ ಮೇಲೆ ಚಟ್ ಚಟ್ ಅಂತ ತಾನೇ ಬಿಟ್ಟುಕೊಳ್ಳುತ್ತಿತ್ತು. ಆ ಸದ್ದು ಈಗಲೂ ಕನಸಿನಲ್ಲಿ ಕೇಳುತ್ತದೆ.

ಇನ್ನೊಂದು ವಿಷಯ. ಪೊಲೀಸರಿಗೆ ಹೆಣದ ಫೋಟೋ ತೆಗೆದುಕೊಡುತ್ತಿದ್ದವನೂ ನಾನೇ. ಆಗ ನಮ್ಮಂಥ ಊರಿನಲ್ಲಿ ಪೊಲೀಸರಿಗೆ ಬೇರೆ ಫೋಟೋಗ್ರಾಫರ್ ಎಲ್ಲಿದ್ದ? ಬಾವಿಗೆ ಬಿದ್ದವರು, ನೇಣು ಹಾಕಿಕೊಂಡವರು, ಹೊಲದಲ್ಲಿ ಕೊಚ್ಚಿಸಿಕೊಂಡವರು. ರಾತ್ರಿ ಎರಡಕ್ಕೆ ಪಿಸಿ ಬಂದು ಷಟರ್ ಬಡಿಯುತ್ತಿದ್ದ. "ಕ್ಯಾಮೆರಾ ತಗೊಂಡ್ ಬಾರಪ್ಪಾ." ಯಾಶಿಕಾ ತಗಲಿಸಿಕೊಂಡು ಹೋಗುವುದು. ಹನ್ನೆರಡು ಫೋಟೋದ ರೋಲು, ನಾಲ್ಕೈದು ಹೆಣಕ್ಕೆ, ಮಿಕ್ಕಿದ್ದು ಮಾರನೇ ದಿನ ಯಾರದೋ ನಾಮಕರಣಕ್ಕೆ. ಒಂದೇ ನೆಗೆಟಿವ್ ಪಟ್ಟಿಯಲ್ಲಿ ಹೆಣವೂ ತೊಟ್ಟಿಲೂ ಅಕ್ಕಪಕ್ಕ. ಬಿಲ್ಲು ಪಾಸಾಗಲು ವರ್ಷವಾಗುತ್ತಿತ್ತು, ಕೆಲವು ಇವತ್ತಿಗೂ ಬಂದಿಲ್ಲ. ಯಾವ ಠಾಣೆ ಅಂತ ಕೇಳಬೇಡಿ.

ಪಿಯುಸಿ_ಫೇಲ್
ಸಾರ್, ಹೆಣವೂ ತೊಟ್ಟಿಲೂ ಅಕ್ಕಪಕ್ಕ ಅಂದ್ರಲ್ಲ, ಇವತ್ತು ನಿದ್ದೆ ಬರಲ್ಲ ನನಗೆ.

ಸಂಪಿಗೆಮರ
ಎಲ್ಲರೂ ಕ್ಯಾಮೆರಾ, ಬಲ್ಬು, ರೋಲರ್ ಅಂತ ಹೋಗುತ್ತಿದ್ದೀರಿ. ತುಮಕೂರಿನವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ನಾನು ಹೇಳುತ್ತೇನೆ. ವ್ಯತ್ಯಾಸ ಇಲ್ಲ. 1939ರ ಒಂದು ಫೋಟೋ ಇದೆ, ಬ್ರೂಕ್ಲಿನ್‌ನಲ್ಲಿ ಮನೆಗೆ ಬೆಂಕಿ ಬಿದ್ದಾಗ ತೆಗೆದದ್ದು. ಒಬ್ಬ ತಾಯಿ, ಅವಳಿಗೆ ಅಂಟಿಕೊಂಡ ಮಗಳು, ಇಬ್ಬರೂ ಮೇಲೆ ನೋಡಿಕೊಂಡು ಅಳುತ್ತಿದ್ದಾರೆ. ಮೇಲೆ ಆ ತಾಯಿಯ ಇನ್ನೊಬ್ಬ ಮಗಳು, ಒಂದು ಕೂಸು ಸುಟ್ಟು ಹೋಗುತ್ತಿದ್ದಾರೆ. ಆ ಹೊತ್ತಿನಲ್ಲಿ ಅವರ ಮುಖಕ್ಕೆ ಹತ್ತಡಿ ದೂರದಿಂದ ಬಲ್ಬು ಹೊಡೆದಿದ್ದಾನೆ. "ಈ ಫೋಟೋ ತೆಗೆಯುವಾಗ ನಾನು ಅತ್ತೆ" ಅಂತ ಆಮೇಲೆ ಹೇಳಿಕೊಂಡನಂತೆ. ಅತ್ತರೆ ಆಯಿತಾ? ಮಾರಿದ ದುಡ್ಡು ಯಾರ ಜೇಬಿಗೆ ಹೋಯಿತು?

ಡೆಸ್ಕ್_ರಾತ್ರಿಪಾಳಿ
ಮೇಡಂ, ದುಡ್ಡಿನ ವಿಷಯ ಅವನು ಮುಚ್ಚಿಟ್ಟವನೇ ಅಲ್ಲ. ಟೈಮ್ ಕಂಪನಿಯಿಂದ ಬಂದ ಚೆಕ್ಕಿನ ಚೀಟಿಯ ಫೋಟೋ ಇದೆ. "ಎರಡು ಕೊಲೆ, 35 ಡಾಲರ್" ಅಂತ ಟೈಪ್ ಮಾಡಿದ್ದಾರೆ. ತರಕಾರಿ ಅಂಗಡಿ ಬಿಲ್ಲಿನ ಹಾಗೆ. ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ನನಗೆ ಮಾತ್ರ ಆ ಚೀಟಿ ನೋಡಿದಾಗ ಅವನಿಗಿಂತ ಅದನ್ನು ಟೈಪ್ ಮಾಡಿದ ಗುಮಾಸ್ತನ ನೆನಪೇ ಜಾಸ್ತಿ ಬರುತ್ತದೆ.

ಪತ್ರಿಕೆಯ ಕಡೆಯಿಂದ ಒಂದು ಮಾತು. ಅವನ ಒಳ್ಳೆಯ ಕೆಲಸ ಹೊರಬಂದದ್ದು ಪಿಎಂ ಅನ್ನೋ ಸಂಜೆ ಪತ್ರಿಕೆಯಲ್ಲಿ. 1940ರಲ್ಲಿ ಶುರುವಾಯಿತು, ಜಾಹೀರಾತು ತೆಗೆದುಕೊಳ್ಳದೆ ನಡೆಸಬೇಕು ಅಂತ ಹಟ. ಫೋಟೋಗೆ ದೊಡ್ಡ ಜಾಗ, ಜೊತೆಗೆ ಅವನ ಕೈಯಲ್ಲೇ ನಾಲ್ಕು ಸಾಲು ಬರೆಸುತ್ತಿದ್ದರು. ಬೇರೆ ಪತ್ರಿಕೆಗಳಿಗೆ ಹೆಣ ಬೇಕಿತ್ತು. ಇವರಿಗೆ ಬೀದಿ ಬೇಕಿತ್ತು.

ತುಮಕೂರು_ಬೈಕು
ನಾನು ನೋಡಿದ ಫೋಟೋ ಪಿಎಂನದ್ದೇ ಅನ್ನಿಸುತ್ತೆ. ಮಕ್ಕಳ ಗುಂಪು, ಒಬ್ಬ ಹುಡುಗ ಇಷ್ಟಗಲ ನಗುತ್ತಿದ್ದಾನೆ, ನಡುವೆ ಒಬ್ಬ ಹೆಂಗಸು ಬಾಯಿ ತೆರೆದು ಅಳುತ್ತಿದ್ದಾಳೆ. ಮೊದಲು ಜಾತ್ರೆ ಅಂದುಕೊಂಡೆ.

ಜರ್ಸಿಯ_ಜೋಳದರೊಟ್ಟಿ
ಅದೇ. "ಅವರು ಕಂಡ ಮೊದಲ ಕೊಲೆ", 1941ರ ಅಕ್ಟೋಬರ್, ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್. ಒಬ್ಬ ಸಣ್ಣಪುಟ್ಟ ರೌಡಿಯನ್ನು ಬೀದಿಯಲ್ಲಿ ಗುಂಡು ಹೊಡೆದು ಕೊಂದರು. ಶಾಲೆ ಬಿಟ್ಟ ಹೊತ್ತು, ಮಕ್ಕಳು ಓಡಿ ಬಂದರು. ಅಳುತ್ತಿರುವ ಹೆಂಗಸು ಸತ್ತವನ ಸಂಬಂಧಿ.

ಆ ಫೋಟೋವನ್ನು ಇನ್ನೊಂದು ಸಲ ನೋಡಿ. ಹೆಣ ಎಲ್ಲಿದೆ? ಇಲ್ಲ. ಹೆಣಕ್ಕೆ ಬೆನ್ನು ಮಾಡಿ ಜನರ ಕಡೆ ಕ್ಯಾಮೆರಾ ತಿರುಗಿಸಿದ್ದಾನೆ. ಒಂದು ಹುಡುಗಿ ಕಣ್ಣು ಕಿರಿದು ಮಾಡಿ ಕತ್ತು ಚಾಚಿದ್ದಾಳೆ. ಹಿಂದಿನವನು ಮುಂದಿನವನ ತಲೆ ಒತ್ತಿ ಜಾಗ ಮಾಡಿಕೊಳ್ಳುತ್ತಿದ್ದಾನೆ. ನಗುವ ಹುಡುಗ ನೇರ ಕ್ಯಾಮೆರಾ ನೋಡುತ್ತಿದ್ದಾನೆ, ಅವನಿಗೆ ಹೆಣಕ್ಕಿಂತ ಪೇಪರಿನಲ್ಲಿ ಬರುವುದೇ ದೊಡ್ಡದು. ತುಮಕೂರಿನವರೇ, ನಿಮ್ಮ ವಿಡಿಯೋದಲ್ಲಿ ಇದ್ದದ್ದು ಬಿದ್ದವನು. ವೀಜಿ ಅಲ್ಲಿದ್ದಿದ್ದರೆ ಸುತ್ತ ನಿಂತ ನಿಮ್ಮನ್ನು ತೆಗೆಯುತ್ತಿದ್ದ.

ತುಮಕೂರು_ಬೈಕು
ಇದು ಸ್ವಲ್ಪ ಜೋರಾಗಿಯೇ ತಾಗಿತು ಸಾರ್.

ಕರಾವಳಿ_ಕೊಡೆ
1939ರದ್ದು ಇನ್ನೊಂದಿದೆ. ಪ್ರಿನ್ಸ್ ಸ್ಟ್ರೀಟ್, ಇಟಲಿಯವರು ಜಾಸ್ತಿ ಇದ್ದ ಕೇರಿ. ಅಂಗಡಿ ಬಾಗಿಲಲ್ಲಿ ಹೆಣ ಬಿದ್ದಿದೆ. ಬೇರೆ ಫೋಟೋಗ್ರಾಫರುಗಳು ಹತ್ತಿರ ಹೋಗಿ ಬಗ್ಗಿ ತೆಗೆದರೆ ಇವನು ಹಿಂದೆ ಹಿಂದೆ ಬಂದು ಇಡೀ ಕಟ್ಟಡ ಹಿಡಿದ. ಕಿಟಕಿ ಕಿಟಕಿಯಲ್ಲಿ ತಲೆ, ಬೆಂಕಿ ಬಿದ್ದರೆ ಇಳಿಯಲು ಹೊರಗೆ ಹಾಕಿದ ಕಬ್ಬಿಣದ ಮೆಟ್ಟಿಲಿನ ಮೇಲೂ ಜನ. ಅದರ ಹೆಸರು "ಕೊಲೆಗೆ ಬಾಲ್ಕನಿ ಸೀಟು".

ಪಿಯುಸಿ_ಫೇಲ್
ಹಾಗಾದ್ರೆ ಹೆಣದ ಹತ್ತಿರ ನಿಂತ ಪೊಲೀಸರದ್ದು ಗಾಂಧಿ ಕ್ಲಾಸು.

ಸಂಪಿಗೆಮರ
ನಗು ಬಂತು, ಒಪ್ಪಿದೆ. ಆದರೆ ವಾದ ಒಪ್ಪಲಿಲ್ಲ. ನೋಡುವವರನ್ನು ತೆಗೆದರೆ ಪಾಪ ಕಳೆಯುತ್ತಾ? ಆ ಅಳುವ ಹೆಂಗಸನ್ನು ಕೇಳಿದ್ದನಾ? ಪೊಲೀಸ್ ವ್ಯಾನಿನಲ್ಲಿ ಟೋಪಿಯಿಂದ ಮುಖ ಮುಚ್ಚಿಕೊಂಡ ಇಬ್ಬರು ಗಂಡಸರ ಫೋಟೋ ಇದೆಯಲ್ಲ, ಅವರು ಬೇಡ ಅಂತ ಬಾಯಿಬಿಟ್ಟು ಹೇಳಬೇಕಿತ್ತಾ? ಕತ್ತಲೆ ಥಿಯೇಟರಿಗೆ ಹೋಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಮುತ್ತು ಕೊಡುವ ಜೋಡಿಗಳನ್ನೂ ತೆಗೆದಿದ್ದಾನೆ. ಇವತ್ತು ಮಾಡಿದರೆ ಧರ್ಮದೇಟು ತಿಂದು ಬರುತ್ತಾನೆ.

ಲೆನ್ಸ್_ಲಕ್ಕ
ಇನ್‌ಫ್ರಾರೆಡ್ ಫೋಟೋ ಟೆಕ್ನಿಕಲ್ ಆಗಿ ಮಾತ್ರ ಭಾರಿ ಕಷ್ಟದ ಕೆಲಸ. ಬಲ್ಬಿಗೆ ಫಿಲ್ಟರ್ ಬಣ್ಣ ಬಳಿದಿರುತ್ತೆ, ಫಿಲ್ಮು ಬೇರೆ...

ಸಂಪಿಗೆಮರ
ಲಕ್ಕಣ್ಣ, ಕಳ್ಳ ಬೀಗ ಒಡೆದದ್ದು ಎಷ್ಟು ಚೆನ್ನಾಗಿ ಅಂತ ನಾನು ಕೇಳಲಿಲ್ಲ.

ಲೆನ್ಸ್_ಲಕ್ಕ
ಸರಿ ತಾಯಿ.

ಹಳೇ_ಸ್ಟುಡಿಯೋ
ಮೇಡಂ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಹೆಣದ ಫೋಟೋ ತೆಗೆಯುವಾಗ ನನಗೆ ಕಷ್ಟ ಆಗುತ್ತಿದ್ದದ್ದು ಹೆಣ ಅಲ್ಲ. ಅದು ಸುಮ್ಮನೆ ಮಲಗಿರುತ್ತದೆ. ಕಷ್ಟ ಆಗುತ್ತಿದ್ದದ್ದು ಅಕ್ಕಪಕ್ಕ ನಿಂತವರು ನನ್ನ ಕೈ ನೋಡುತ್ತಿದ್ದದ್ದು. ಒಂದು ಸಲ ಬಾವಿಯಿಂದ ಎತ್ತಿದ ಹುಡುಗಿಯ ಫೋಟೋ ತೆಗೆಯುತ್ತಿದ್ದೆ. ಅವಳ ತಾಯಿ ಬಂದು ಸೆರಗಿನಿಂದ ಮಗಳ ಮುಖದ ಕೆಸರು ಒರೆಸಿ, ತಲೆಗೂದಲು ಕಿವಿ ಹಿಂದೆ ಸರಿಸಿ, "ಈಗ ತೆಗೀರಿ ಅಣ್ಣಾ" ಅಂದಳು. ಆ ತಾಯಿಗೆ ಅದು ಪೊಲೀಸ್ ಫೋಟೋ ಅಲ್ಲ. ಮಗಳ ಫೋಟೋ. ಆ ಹುಡುಗಿಯದ್ದು ಬೇರೆ ಫೋಟೋನೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಒಂದು ಕಾಪಿ ಹಾಗೇ ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಸುಮ್ನೆ_ಓದುವವ
ನಮ್ಮಜ್ಜಿಯದ್ದೂ ಇರುವುದು ಒಂದೇ ಫೋಟೋ. ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಎರಡೂ ಕಡೆ ಮಕ್ಕಳು ನಿಂತು ತೆಗೆಸಿದ್ದು. ಚಿಕ್ಕವನಿದ್ದಾಗ ಅಜ್ಜಿ ಯಾಕೆ ಕಣ್ಣು ಮುಚ್ಚಿದ್ದಾರೆ ಅಂತ ಕೇಳಿದರೆ ಅಮ್ಮ "ಫ್ಲ್ಯಾಶ್ ಬಿತ್ತು" ಅಂದಿದ್ದಳು.

ಡೆಸ್ಕ್_ರಾತ್ರಿಪಾಳಿ
ಅಪ್ಪಾ. ಇದೊಂದಕ್ಕೇ ಬೇರೆ ಚರ್ಚೆ ಶುರು ಮಾಡಬೇಕು.

ಕರಾವಳಿ_ಕೊಡೆ
ವಿಷಯಕ್ಕೆ ಬರೋಣ. ನನಗೆ ಅವನ ಮೇಲೆ ಕೋಪ ಇರುವುದು ಬೇರೆ ಕಾರಣಕ್ಕೆ. "ವಿಮರ್ಶಕಿ" ಅನ್ನೋ ಫೋಟೋ. 1943ರ ನವೆಂಬರ್ 22, ಮೆಟ್ರೊಪಾಲಿಟನ್ ಒಪೇರಾದ ಸೀಸನ್ ಶುರುವಾದ ರಾತ್ರಿ. ಮೈತುಂಬ ವಜ್ರ, ಬಿಳಿ ತುಪ್ಪಳದ ಕೋಟು ಹಾಕಿದ ಇಬ್ಬರು ಶ್ರೀಮಂತ ಹೆಂಗಸರು ಬರುತ್ತಿದ್ದಾರೆ. ಪಕ್ಕದಲ್ಲಿ ಕೆದರಿದ ಕೂದಲಿನ ಬಡ ಹೆಂಗಸು ಅವರನ್ನು ನುಂಗುವ ಹಾಗೆ ನೋಡುತ್ತಿದ್ದಾಳೆ. ಹೊರಗೆ ಮಹಾಯುದ್ಧ ನಡೆಯುತ್ತಿದೆ. ಎಂಥಾ ಫೋಟೋ! ಲೈಫ್ ಪತ್ರಿಕೆ ಅಚ್ಚು ಹಾಕಿತು.

ಆಮೇಲೆ ಗೊತ್ತಾದದ್ದು, ಅದು ನಾಟಕ. ಬವರಿ ರಸ್ತೆಯ ಸ್ಯಾಮಿಸ್ ಅನ್ನೋ ಬಾರಿನಿಂದ ಆ ಹೆಂಗಸನ್ನು ಕರೆತಂದು, ವೈನು ಕುಡಿಸಿ, ಸರಿಯಾದ ಹೊತ್ತಿಗೆ ಮುಂದೆ ಬಿಟ್ಟರು. ಅವನ ಸಹಾಯಕ ಲೂಯಿ ಲಿಯೊಟ್ಟಾ ಎಷ್ಟೋ ವರ್ಷದ ಮೇಲೆ ಬಾಯಿಬಿಟ್ಟ. ವೀಜಿ ಮಾತ್ರ, ಫಿಲ್ಮ್ ತೊಳೆದ ಮೇಲೇ ಆಕೆ ಕಂಡದ್ದು ಅಂತಿದ್ದ.

ಸಂಪಿಗೆಮರ
ನೋಡಿ, ಇದು ನನಗೂ ಗೊತ್ತಿರಲಿಲ್ಲ. ಇದು ಎಲ್ಲಕ್ಕಿಂತ ಕೆಟ್ಟದ್ದು. ಕೊಲೆ ಫೋಟೋಗಾದರೂ ಅಲ್ಲಿದ್ದೆ ಅನ್ನಬಹುದು. ಇಲ್ಲಿ ಬಡವಿಯನ್ನು ಆಟದ ಗೊಂಬೆ ಮಾಡಿದ್ದಾನೆ. ಆ ಶ್ರೀಮಂತರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಅವಳ ಹೆಸರು?

ಹಳೇ_ಸ್ಟುಡಿಯೋ
ನಾನು ಕಲ್ಲು ಎಸೆಯುವ ಹಾಗಿಲ್ಲ. ನನ್ನ ಕೈಯಲ್ಲಿ ಎಷ್ಟು ಮದುವೆಯಲ್ಲಿ ತಾಳಿ ಎರಡೆರಡು ಸಲ ಕಟ್ಟಿಸಿದ್ದೇನೋ! "ಫ್ಲ್ಯಾಶ್ ಹೊಡೀಲಿಲ್ಲ, ಇನ್ನೊಂದ್ಸಲ ತಾಳಿ ಎತ್ತಿ ಹಿಡೀರಿ" ಅಂದರೆ ಪುರೋಹಿತರು ನುಂಗಿಬಿಡುವ ಹಾಗೆ ನೋಡುತ್ತಿದ್ದರು. ಒಬ್ಬರಂತೂ "ನಿನ್ನ ಕ್ಯಾಮೆರಾಗೆ ಮುಹೂರ್ತ ನೋಡಿಲ್ಲ ಕಣೋ" ಅಂತ ಮೈಕಿನಲ್ಲೇ ಬೈದರು. ಆಲ್ಬಮ್ಮಿನಲ್ಲಿರುವುದು ಎರಡನೇ ತಾಳಿ. ಮನೆಯವರು ಇವತ್ತಿಗೂ ಅದನ್ನೇ ನಿಜ ಅಂತ ನೋಡುತ್ತಾರೆ.

ಡೆಸ್ಕ್_ರಾತ್ರಿಪಾಳಿ
ತಾಳಿಗೂ ಸುದ್ದಿಗೂ ವ್ಯತ್ಯಾಸ ಇದೆ ಸಾರ್. ಮದುವೆಯಲ್ಲಿ ಮೋಸ ಹೋಗುವವರು ಯಾರೂ ಇಲ್ಲ. ಸುದ್ದಿ ಫೋಟೋ ಅಂತ ಕೊಟ್ಟು ಒಳಗೆ ನಾಟಕ ಮಾಡಿದರೆ ಇವತ್ತಾದರೆ ಮಾರನೇ ದಿನವೇ ಮನೆಗೆ ಕಳಿಸುತ್ತಾರೆ. ಕಳಿಸಲೇಬೇಕು.

ನನ್ನ ಲೆಕ್ಕ ಹೀಗಿದೆ: "ಮೊದಲ ಕೊಲೆ"ಗೆ ಪೂರ್ತಿ ಮಾರ್ಕು, "ವಿಮರ್ಶಕಿ"ಗೆ ಸೊನ್ನೆ. ಎರಡನ್ನೂ ತೆಗೆದದ್ದು ಒಂದೇ ಮನುಷ್ಯ ಅನ್ನೋದು ನಮ್ಮ ಕಷ್ಟ, ಫೋಟೋದ್ದಲ್ಲ.

ಜರ್ಸಿಯ_ಜೋಳದರೊಟ್ಟಿ
ಸೊನ್ನೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಆ ಎರಡು ಲೋಕ ಒಂದೇ ಊರಲ್ಲಿ ಇದ್ದವು ಅನ್ನೋದು ಸುಳ್ಳಲ್ಲವಲ್ಲ. ಆದರೂ ಲಿಯೊಟ್ಟಾ ವಿಷಯ ಓದಿದ ಮೇಲೆ ಆ ಫೋಟೋ ಮುಂದೆ ಮೊದಲಿನಷ್ಟು ಹೊತ್ತು ನಿಲ್ಲಲು ಆಗಿಲ್ಲ. ನಿಜ ಹೇಳಬೇಕಲ್ಲ.

ಅವನನ್ನು ಬರೀ ಕೊಲೆ ಫೋಟೋಗ್ರಾಫರ್ ಅನ್ನೋದೂ ಅನ್ಯಾಯ. ಕೋನಿ ಐಲ್ಯಾಂಡ್ ಬೀಚಿನದ್ದು ನೋಡಿ, 1940ರ ಜುಲೈ. ಮರಳು ಕಾಣುವುದಿಲ್ಲ, ಬರೀ ತಲೆ. ಸಾವಿರಾರು ಜನ ಕ್ಯಾಮೆರಾ ಕಡೆ ತಿರುಗಿ ಕೈ ಬೀಸುತ್ತಿದ್ದಾರೆ. ಸೆಕೆಗೆ ಮನೆಯೊಳಗೆ ಮಲಗಲಾಗದೆ ಕಬ್ಬಿಣದ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಮಲಗಿದ ಮಕ್ಕಳ ಫೋಟೋ ಇದೆ. ಅವನೂ ಅಂಥದ್ದೇ ಮನೆಯಲ್ಲಿ ಬೆಳೆದವನು. ಇನ್ನೊಂದರಲ್ಲಿ ಸಾಸೇಜ್ ಕಂಪನಿ ಕಟ್ಟಡಕ್ಕೆ ಬೆಂಕಿ ಬಿದ್ದು ಅಗ್ನಿಶಾಮಕದವರು ನೀರು ಹೊಡೆಯುತ್ತಿದ್ದಾರೆ. ಗೋಡೆ ಮೇಲೆ ಕಂಪನಿಯ ದೊಡ್ಡ ಜಾಹೀರಾತು: "ಕುದಿಯುವ ನೀರು ಹಾಕಿದರೆ ಸಾಕು".

ಪಿಯುಸಿ_ಫೇಲ್
ಅದನ್ನು ಅವನೇ ಬರೆಸಿರಬೇಕು, ಈಗ ನಂಬಿಕೆ ಹೋಯ್ತು ನನಗೆ.

ಲೆನ್ಸ್_ಲಕ್ಕ
ಕುದುರೆ ಕಥೆ ಯಾರೂ ಹೇಳಲಿಲ್ಲ! ಹರೆಯದಲ್ಲಿ ಒಂದು ಗಿಡ್ಡ ಕುದುರೆ ಇಟ್ಟುಕೊಂಡು ಕೇರಿ ಕೇರಿ ಸುತ್ತುತ್ತಿದ್ದ. ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಫೋಟೋ, ಅದನ್ನು ಅಪ್ಪ ಅಮ್ಮನಿಗೆ ಮಾರುವುದು. ಕುದುರೆಗೆ ಇಟ್ಟ ಹೆಸರು ಹೈಪೋ. ಕೊನೆಗೆ ಅದರ ಹೊಟ್ಟೆ ತುಂಬಿಸಲಾಗದೆ ಆ ವ್ಯಾಪಾರ ನಿಂತಿತು.

ಹಳೇ_ಸ್ಟುಡಿಯೋ
ಹೈಪೋ! ಈಗಿನ ಹುಡುಗರಿಗೆ ಗೊತ್ತಿಲ್ಲದಿದ್ದರೆ, ಫೋಟೋ ತೊಳೆಯುವಾಗ ಕೊನೆಯ ತಟ್ಟೆಯಲ್ಲಿರುವ ಉಪ್ಪಿನ ನೀರು. ಅದರಲ್ಲಿ ಹಾಕದಿದ್ದರೆ ಬೆಳಕಿಗೆ ತಂದ ಕೂಡಲೇ ಫೋಟೋ ಕಪ್ಪಾಗಿಬಿಡುತ್ತದೆ. ಚಿತ್ರ ಉಳಿಯುವುದೇ ಹೈಪೋದಿಂದ. ನಾನೊಂದು ನಾಯಿ ಸಾಕಿದ್ದೆ, ಬುಲ್ಲು ಅಂತ. ಎಂಥಾ ಹೆಸರು ತಪ್ಪಿಸಿಕೊಂಡೆ ನೋಡಿ.

ಕುದುರೆ ಅಂದರೆ ನಮ್ಮ ಜಾತ್ರೆ ಫೋಟೋ ನೆನಪಾಯಿತು. ಕಟ್ಟಿಗೆಯ ಮೋಟಾರ್ ಬೈಕು, ಬಟ್ಟೆ ಮೇಲೆ ಬರೆದ ಚಂದ್ರ, ರಟ್ಟಿನ ವಿಮಾನ. ಹಳ್ಳಿಯ ಗಂಡ ಹೆಂಡತಿ ವಿಮಾನದ ಕಿಟಕಿಯಲ್ಲಿ ತಲೆ ತೂರಿಸಿ ನಗದೆ ಕೂರುತ್ತಿದ್ದರು. ನಗಿ ಅಂದರೆ ಇನ್ನೂ ಬಿಗಿಯುತ್ತಿದ್ದರು.

ತುಮಕೂರು_ಬೈಕು
ಆಮೇಲೆ ಅವನು ಏನಾದ? ಕೊನೆವರೆಗೂ ಕೊಲೆ ಹಿಂದೆಯೇ ಓಡಿದನಾ?

ಕರಾವಳಿ_ಕೊಡೆ
ಹೆಸರು ಬಂದ ಮೇಲೆ ಕೆಟ್ಟ. 1941ರಲ್ಲಿ ಫೋಟೋ ಲೀಗ್ ಅನ್ನೋ ಸಂಘ ಅವನ ಪ್ರದರ್ಶನ ಮಾಡಿತು, "ಕೊಲೆಯೇ ನನ್ನ ಕಸುಬು" ಅಂತ. 1943ರಲ್ಲಿ ಮಾಡರ್ನ್ ಆರ್ಟ್ ಮ್ಯೂಸಿಯಂ ಐದು ಫೋಟೋ ತೆಗೆದುಕೊಂಡಿತು. 1945ರಲ್ಲಿ "ನೇಕೆಡ್ ಸಿಟಿ" ಪುಸ್ತಕ ಬಂತು, ಚೆನ್ನಾಗಿ ಮಾರಾಟವಾಯಿತು. ಅದರ ಹೆಸರನ್ನು ಸಿನಿಮಾದವರು ದುಡ್ಡು ಕೊಟ್ಟು ಕೊಂಡರು. ಇವನೂ ಹಾಲಿವುಡ್‌ಗೆ ಹೋದ. ಸಿನಿಮಾಗಳಲ್ಲಿ ಒಂದು ನಿಮಿಷದ ಪಾತ್ರ, ಆಮೇಲೆ ನಟಿಯರ ಮುಖವನ್ನು ಲೆನ್ಸಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಮಾಡಿದ ಟ್ರಿಕ್ ಫೋಟೋ. ಜಾತ್ರೆಯ ವಕ್ರ ಕನ್ನಡಿ ಇದೆಯಲ್ಲ, ಅದೇ. ನನ್ನ ಮಟ್ಟಿಗೆ ಆ ಇಪ್ಪತ್ತು ವರ್ಷ ಕಸ.

ಜರ್ಸಿಯ_ಜೋಳದರೊಟ್ಟಿ
ಟ್ರಿಕ್ ಫೋಟೋ ನಾನೂ ಸಮರ್ಥಿಸುವುದಿಲ್ಲ. ಅವನಿಗೆ ಮಾತ್ರ ಅದೇ ನಿಜವಾದ ಕಲೆ ಅನ್ನಿಸಿತ್ತು ಪಾಪ. ಆದರೆ ಒಂದು ತಮಾಷೆ ಕೇಳಿ. ಹುಡುಗನಾಗಿದ್ದಾಗ ಪತ್ರಿಕೆ ಫೋಟೋಗ್ರಾಫರ್ ಆಗಿದ್ದ ಸಿನಿಮಾ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ 1963ರಲ್ಲಿ ತನ್ನ ಡಾಕ್ಟರ್ ಸ್ಟ್ರೇಂಜ್‌ಲವ್ ಚಿತ್ರದ ಸೆಟ್ಟಿಗೆ ಇವನನ್ನು ಫೋಟೋ ತೆಗೆಯಲು ಕರೆಸಿದ. ಅಲ್ಲಿ ಹುಚ್ಚು ಡಾಕ್ಟರ್ ಸ್ಟ್ರೇಂಜ್‌ಲವ್ ಪಾತ್ರ ಮಾಡುತ್ತಿದ್ದ ನಟ ಪೀಟರ್ ಸೆಲ್ಲರ್ಸ್ ಇವನ ಮಾತಿನ ಧಾಟಿ ಕೇಳಿಸಿಕೊಂಡ. ಆ ಹುಚ್ಚು ಡಾಕ್ಟರನ ಉಚ್ಚಾರಣೆಯಲ್ಲಿ ವೀಜಿ ಇದ್ದಾನೆ.

ಸತ್ತದ್ದು 1968ರ ಡಿಸೆಂಬರ್ 26, ಮೆದುಳಿನ ಗಡ್ಡೆ. 69 ವರ್ಷ. ಕೊನೆಗಾಲದಲ್ಲಿ ಜೊತೆಗಿದ್ದದ್ದು ವಿಲ್ಮಾ ವಿಲ್ಕಾಕ್ಸ್ ಅನ್ನೋ ಹೆಂಗಸು, ಸಮಾಜಸೇವೆಯ ಕೆಲಸದಲ್ಲಿದ್ದವರು. ಡಬ್ಬ ಡಬ್ಬಗಳಲ್ಲಿದ್ದ ಪ್ರಿಂಟು, ನೆಗೆಟಿವ್ ಎಲ್ಲ ಎಸೆಯದೆ 25 ವರ್ಷ ಕಾದುಕೊಂಡರು. ಅವರ ಕಡೆಯಿಂದ 1993ರಲ್ಲಿ ಅದು ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಸೆಂಟರ್ ಆಫ್ ಫೋಟೋಗ್ರಫಿಗೆ ಸೇರಿತು. ಸುಮಾರು 16,000 ಪ್ರಿಂಟು, 7,000 ನೆಗೆಟಿವ್. ಆಕೆ ಇಲ್ಲದಿದ್ದರೆ ನಾವು ಇಲ್ಲಿ ಜಗಳ ಆಡುತ್ತಿರಲಿಲ್ಲ.

ಆ ಸಂಸ್ಥೆ 2020ರಿಂದ ಇರುವುದು ಲೋವರ್ ಈಸ್ಟ್ ಸೈಡಿನ ಎಸೆಕ್ಸ್ ಸ್ಟ್ರೀಟಿನಲ್ಲಿ. ಅವನು ಬೆಳೆದ ಕೇರಿಯಲ್ಲೇ. ಒಂದು ಶನಿವಾರ ಅಲ್ಲಿಂದ ಅವನ ರೂಮಿದ್ದ ಸೆಂಟರ್ ಮಾರ್ಕೆಟ್ ಪ್ಲೇಸ್‌ವರೆಗೆ ನಡೆದೆ. ಹಳೇ ಪೊಲೀಸ್ ಹೆಡ್‌ಕ್ವಾರ್ಟರ್ಸ್ ಈಗ ದುಬಾರಿ ಅಪಾರ್ಟ್‌ಮೆಂಟು. ಬಾಗಿಲಲ್ಲಿ ಟೋಪಿ ಹಾಕಿದ ಕಾವಲುಗಾರ. ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಅವನು ಕೈ ಅಡ್ಡ ಹಿಡಿದ.

ಡೆಸ್ಕ್_ರಾತ್ರಿಪಾಳಿ
ಯಾರಾದರೂ ನಮ್ಮವರನ್ನು ನೆನೆಯುತ್ತೀರಾ ಅಂತ ಕಾದೆ. ಲೈಫ್ ಪತ್ರಿಕೆಗೆ ಚಿತ್ರ ಕೊಟ್ಟ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಕೂಡ ಬೀದಿಯ ಜನರನ್ನೇ ತೆಗೆದವರು. ಆದರೆ ಅವರದ್ದು ಹಗಲು, ಇವನದ್ದು ರಾತ್ರಿ. ಸತ್ಯನ್ ಅವರ ಮಕ್ಕಳ ಫೋಟೋ ಪಕ್ಕ "ಮೊದಲ ಕೊಲೆ"ಯ ಮಕ್ಕಳನ್ನಿಟ್ಟು ನೋಡಿ. ನಾನು ಇಟ್ಟು ನೋಡಿದ್ದೇನೆ. ಯಾವುದು ಜಾಸ್ತಿ ನಿಜ ಅಂತ ಹೇಳಲು ಆಗಲಿಲ್ಲ.

ಸಂಪಿಗೆಮರ
ಸತ್ಯನ್ ಅವರ ಫೋಟೋದಲ್ಲಿರುವ ಮಕ್ಕಳು ದೊಡ್ಡವರಾಗಿ ಅದನ್ನು ನೋಡಿದರೆ ನಗುತ್ತಾರೆ. ವೀಜಿ ಫೋಟೋದ ಆ ನಗುವ ಹುಡುಗ ದೊಡ್ಡವನಾಗಿ ನೋಡಿದ್ದರೆ? ನನಗೆ ಅಷ್ಟೇ ಸಾಕು, ನನ್ನ ಮತ ಬದಲಾಗಿಲ್ಲ. ಹಾಂ, ತುಮಕೂರಿನವರೇ, ಆ ವಿಡಿಯೋ ಏನು ಮಾಡಿದಿರಿ?

ತುಮಕೂರು_ಬೈಕು
ಇನ್ನೂ ಇದೆ ಮೇಡಂ. ಯಾರಿಗೂ ಕಳಿಸಿಲ್ಲ. ನಿನ್ನೆ ರಾತ್ರಿ ಇನ್ನೊಂದು ಸಲ ನೋಡಿದೆ. ಹನ್ನೊಂದು ಸೆಕೆಂಡು. ಕೊನೆಗೆ ಆ ಯಜಮಾನರ ಧ್ವನಿ ಇದೆ, "ನೀರು ಬರುತ್ತಾ" ಅಂತ. ಅದೊಂದಕ್ಕೆ ಅಳಿಸಲು ಆಗುತ್ತಿಲ್ಲ.

ಹಳೇ_ಸ್ಟುಡಿಯೋ
ನನ್ನದೂ ಒಂದು ಪ್ರಶ್ನೆ. ಅಟ್ಟದ ಮೇಲೆ ಒಂದು ಟ್ರಂಕು ಇದೆ. ಪೊಲೀಸರಿಗೆ ತೆಗೆದ ನೆಗೆಟಿವ್‌ಗಳು, ಆಮೇಲೆ ಅವರಿಗೂ ಬೇಡವಾದವು. ಮಗ ಸ್ಕ್ಯಾನ್ ಮಾಡಿಸಿ ನೆಟ್ಟಿಗೆ ಹಾಕೋಣ ಅಂತಾನೆ. ನಾನು ಬೇಡ ಅಂತೀನಿ. ಎಸೆಯಲೂ ಮನಸ್ಸಿಲ್ಲ.

ಜರ್ಸಿಯ_ಜೋಳದರೊಟ್ಟಿ
ಎಸೆಯಬೇಡಿ ಸಾರ್. ದಯವಿಟ್ಟು. ನೆಟ್ಟಿಗೂ ಹಾಕಬೇಡಿ. ಮೊದಲು ತಣ್ಣಗಿರುವ ಒಣ ಜಾಗಕ್ಕೆ ಇಳಿಸಿ, ಅಟ್ಟದ ಸೆಕೆಗೆ ಫಿಲ್ಮು ಹಾಳಾಗುತ್ತದೆ.

ಸಂಪಿಗೆಮರ
ಆ ಬಾವಿಯ ಹುಡುಗಿಯದ್ದೂ ಅದರಲ್ಲಿದೆಯಾ ಸಾರ್?

ಹಳೇ_ಸ್ಟುಡಿಯೋ
ಇದೆಯಮ್ಮ. ಅದೇ ಪಟ್ಟಿಯಲ್ಲಿ ಮುಂದಿನದ್ದು ನಮ್ಮ ಪಕ್ಕದ ಬೀದಿಯ ಒಂದು ನಾಮಕರಣ. ಆ ಮಗುವಿಗೆ ಈಗ ಎರಡು ಮಕ್ಕಳು.

ಟ್ರಂಕಿನ ಬೀಗದ ಕೈ ನನ್ನಾಕೆ ಹತ್ತಿರ ಇದೆ. ಬೆಳಿಗ್ಗೆ ಕೇಳುತ್ತೇನೆ.